‘ಕೋಟೆ ಕಾವಲು’ ಆಟದಲ್ಲಿ ಕಾಣದ ಹುಡುಗಿ

ಲೇಖನದ ಶೀರ್ಷಿಕೆ ಓದಿದ ಕೂಡಲೇ ಚೈತ್ರಳ ಅಂಗೈ ಬೆವರಿತು. ‘ಕೋಟೆ ಕಾವಲು: ಆಡಿದವರಿಗೇ ಶಿಕ್ಷೆ.’

ಪಕ್ಕದ ಕುರ್ಚಿಯಲ್ಲಿ ಸಂಗಮೇಶ ಚಹಾ ಹೀರುತ್ತ ಕೂತಿದ್ದ. ಜಯನಗರ ನಾಲ್ಕನೇ ಬ್ಲಾಕಿನ ಆ ಪುಟ್ಟ ಕಚೇರಿಯಿಂದ ಕಂಪ್ಯೂಟರ್ ಕುರಿತ ಕನ್ನಡ ಮಾಸಪತ್ರಿಕೆಯೊಂದು ಹೊರಡುತ್ತಿತ್ತು. ಚೈತ್ರ ಅದರ ಪುಟ ವಿನ್ಯಾಸ ಮಾಡುವವಳು. ಬಾಗಲಕೋಟೆಯಿಂದ ಬಂದು ಬಿಟಿಎಂ ಲೇಔಟಿನಲ್ಲಿ ರೂಮು ಮಾಡಿಕೊಂಡಿದ್ದ ಸಂಗಮೇಶ ಹಗಲೆಲ್ಲ ಒಂದು ಆಫೀಸಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ. ತಿಂಗಳಿಗೊಮ್ಮೆ ಹಳೆಯ ಕಂಪ್ಯೂಟರ್ ಗೇಮ್‌ಗಳ ಕುಂದುಕೊರತೆ ಹುಡುಕಿ ಇಲ್ಲಿಗೆ ಬರೆಯುತ್ತಿದ್ದ. ಲೇಖನ ಕೊಟ್ಟ ಮೇಲೂ ಅವನು ಪುಟ ಮುಗಿಯುವ ತನಕ ಏಳುತ್ತಿರಲಿಲ್ಲ. ಯಾಕೆಂದು ಅವಳು ಕೇಳಿರಲಿಲ್ಲ. ಅವನು ಬರುವ ದಿನ ಓಲೆ ಬದಲಿಸಿಕೊಂಡು ಬರುವುದನ್ನು ಮಾತ್ರ ಮರೆಯುತ್ತಿರಲಿಲ್ಲ.

“ಯಾಕ್ರಿ, ಫಾಂಟ್ ಸರಿ ಬರ್ಲಿಲ್ಲೇನು?”

“ಬಂದಿದೆ. ಈ ಗೇಮ್ ಎಲ್ಲಿ ಸಿಕ್ತು ನಿಮಗೆ?”

“ವಿಲ್ಸನ್ ಗಾರ್ಡನ್ನಿನ ಒಂದು ಹಳೇ ಸಾಮಾನಿನ ಅಂಗಡ್ಯಾಗ. ಸೀಡಿ ಮ್ಯಾಲೆ ಮಾಡಿದವರ ಹೆಸರೇ ಇಲ್ಲ. ನಾ ಆಗಿದ್ರೂ ಹಾಕ್ಕೊಂತಿರ್ಲಿಲ್ಲ ಬಿಡ್ರಿ.”

ಅವನು ನಕ್ಕ. ನಕ್ಕಾಗ ಅವನ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತದೆ. ಬೇರೆ ದಿನವಾಗಿದ್ದರೆ ಅವಳು ಅದನ್ನೇ ಓರೆಗಣ್ಣಿನಲ್ಲಿ ನೋಡುತ್ತಿದ್ದಳು. ಇವತ್ತು ಕಣ್ಣು ಪರದೆಯಿಂದ ಏಳಲಿಲ್ಲ.

ಆ ಗೇಮ್ ಮಾಡಿದವಳು ಅವಳೇ. ಡಿಗ್ರಿ ಮುಗಿಸಿದ ವರ್ಷ, ತಾವರೆಕೆರೆಯ ಮನೆಯ ಮಹಡಿ ಕೋಣೆಯಲ್ಲಿ ಒಬ್ಬಳೇ ಕೂತು ಬರೆದದ್ದು. ಅಪ್ಪ ಏನನ್ನುತ್ತಾರೋ ಎಂಬ ಭಯಕ್ಕೆ ಹೆಸರು ಹಾಕಿರಲಿಲ್ಲ. ಪರಿಚಯದ ಅಂಗಡಿಯವರು ಒಂದಷ್ಟು ಸೀಡಿ ಮಾರಿದ್ದರು. ಆಮೇಲೆ ಎಲ್ಲರೂ ಮರೆತಿದ್ದರು.

ಅವಳು ಓದುತ್ತ ಹೋದಳು. ಕೋಟೆ ಕಾಯುವ ಸೈನಿಕನಿಗೆ ಹಿಂದಕ್ಕೆ ತಿರುಗಲು ಬರುವುದಿಲ್ಲ, ಗೋಡೆಯ ಕೊನೆ ಮುಟ್ಟಿಯೇ ಬರಬೇಕು. ನಿಜ. ಅರ್ಧಕ್ಕೆ ನಿಲ್ಲಿಸಿ ನಾಳೆ ಮುಂದುವರಿಸುವ ಅವಕಾಶವಿಲ್ಲ. ಕರೆಂಟು ಹೋದರೆ ಮತ್ತೆ ಮೊದಲಿಂದ. ಅದೂ ನಿಜ. ಕತ್ತಲೆಯ ದೃಶ್ಯದಲ್ಲಿ ಶತ್ರುವಿಗೂ ಗೋಡೆಗೂ ಒಂದೇ ಬಣ್ಣ. ಅವಳಿಗೆ ಕಿವಿ ಬಿಸಿಯಾಯಿತು. ಹೇಳಿಬಿಡಲೇ? ಹೇಳಿದರೆ ಅವನು ಪಾಪ ಎಂದು ಲೇಖನವನ್ನು ಮೆತ್ತಗಾಗಿಸುತ್ತಾನೆ. ಹೇಳದಿದ್ದರೆ ಪ್ರತಿ ತಿಂಗಳೂ ಈ ಮುಖ ನೋಡುತ್ತ ಇದನ್ನು ನುಂಗಿಕೊಂಡಿರಬೇಕು. ಎರಡೂ ಬೇಡವಾಗಿತ್ತು.

ಕೊನೆಯ ಪ್ಯಾರಾ ಬಂತು. ‘ಏಳು ಬಾಗಿಲು ದಾಟಿದವನಿಗೆ ಸಿಗುವುದೇನು? ಏನೂ ಇಲ್ಲ. ಗೇಮ್ ಸೀದಾ ಮೊದಲ ಪರದೆಗೆ ಮರಳುತ್ತದೆ. ಒಂದು ಮುಕ್ತಾಯ ಬರೆಯುವ ಶ್ರಮವನ್ನೂ ಯಾರೂ ತೆಗೆದುಕೊಂಡಿಲ್ಲ.’

“ಇದು ತಪ್ಪು,” ಎಂದಳು. ದನಿ ತನಗೇ ಗುರುತು ಸಿಗದಷ್ಟು ಸಣ್ಣಗಾಗಿತ್ತು. “ಕೊನೇಲಿ ಒಬ್ಬಳು ಹುಡುಗಿ ದೀಪ ಹಿಡ್ಕೊಂಡು ಗೋಡೆ ಮೇಲೆ ಬರ್ತಾಳೆ.”

“ಇಲ್ರಿ. ಪೂರ್ತಿ ಆಡೀನಿ. ಯಾರೂ ಬರೂದಿಲ್ಲ.”

“ನೀವು ಸರಿಯಾಗಿ ನೋಡಿಲ್ಲ. ಸೀಡಿ ಕೊಡಿ.”

ಅವಳು ಗೇಮ್ ಹಾಕಿದಳು. ಮೊದಲ ಪರದೆಯಲ್ಲೇ ಬೆರಳುಗಳು ಮೂರು ಕೀಗಳನ್ನು ಒಟ್ಟಿಗೆ ಒತ್ತಿದವು; ಸೈನಿಕ ನೇರವಾಗಿ ಏಳನೇ ಬಾಗಿಲಿನ ಮುಂದೆ ನಿಂತ. ಆ ಅಡ್ಡದಾರಿ ಗೇಮ್ ಮಾಡಿದವರಿಗಲ್ಲದೆ ಬೇರೆಯವರಿಗೆ ಗೊತ್ತಿರುವಂಥದ್ದಲ್ಲ. ಸಂಗಮೇಶ ಲೋಟ ಕೆಳಗಿಟ್ಟ.

ಬಾಗಿಲು ತೆರೆಯಿತು. ಗೋಡೆಯ ಮೇಲೆ ಏನೋ ಹಳದಿ ಮಿನುಗಿ ಮಾಯವಾಯಿತು. ಮೊದಲ ಪರದೆ ಮರಳಿ ಬಂತು.

ಚೈತ್ರ ಮತ್ತೆ ಮಾಡಿದಳು. ಮತ್ತೆ ಅದೇ ಮಿನುಗು. ಆಗ ಅವಳಿಗೆ ಹೊಳೆಯಿತು. ಹುಡುಗಿ ಎಷ್ಟು ಹೊತ್ತು ನಿಲ್ಲಬೇಕೆಂಬುದನ್ನು ತಾನು ಗಡಿಯಾರದಿಂದ ಅಳೆದಿರಲಿಲ್ಲ. ಇಷ್ಟು ಸಂಖ್ಯೆ ಎಣಿಸುವ ತನಕ ಹುಡುಗಿಯನ್ನು ತೋರಿಸು ಎಂದು ಕಂಪ್ಯೂಟರಿಗೆ ಹೇಳಿದ್ದಳು. ಮಹಡಿಯ ಆ ನಿಧಾನದ ಕಂಪ್ಯೂಟರು ತೆವಳುತ್ತ ಎಣಿಸುತ್ತಿತ್ತು. ಇದು ಕಣ್ಣು ಮಿಟುಕಿಸುವುದರೊಳಗೆ ಎಣಿಸಿ ಮುಗಿಸಿತ್ತು.

“ನೀವು ಹೇಳಿದ್ದೇ ಸರಿ,” ಎಂದಳು. “ಆ ಹುಡುಗೀನ ಬರೆಯೋಕೆ ನಂಗೆ ಎಷ್ಟೊಂದು ದಿನ ಹಿಡೀತು. ನಮ್ಮನೆ ನಿಧಾನದ ಕಂಪ್ಯೂಟರಿನ ಲೆಕ್ಕಕ್ಕೆ ಮಾಡಿದ್ದೆ, ಈಗಿನದ್ರಲ್ಲಿ ಯಾರಿಗೂ ಕಾಣೋದೇ ಇಲ್ಲ.”

ಅಷ್ಟರಲ್ಲಿ ಸಂಪಾದಕ ಸೋಮಲಿಂಗಪ್ಪ ಒಳಗಿನಿಂದ ಕೂಗಿದರು: “ಚೈತ್ರಾ, ಆ ಪುಟ ಪ್ರೆಸ್‌ಗೆ ಹೋಗ್ಬೇಕಮ್ಮ. ಆಯ್ತಾ?”

“ಸ್ವಲ್ಪ ಸರೀರಿ,” ಎಂದು ಸಂಗಮೇಶ ಕೀಬೋರ್ಡ್ ತನ್ನ ಕಡೆ ಎಳೆದುಕೊಂಡ.

ಅವಳು ಎದ್ದು ಕಿಟಕಿಯ ಬಳಿ ನಿಂತಳು. ಬೆನ್ನ ಹಿಂದೆ ಅವನು ಟೈಪು ಮಾಡುವ ಸದ್ದು. ಈಗ ಅವನು ಒಳ್ಳೆಯ ಮಾತು ಸೇರಿಸುತ್ತಿದ್ದಾನೆ, ಸೈನಿಕನನ್ನು ಕ್ಷಮಿಸುತ್ತಿದ್ದಾನೆ, ಬಣ್ಣಗಳನ್ನು ಹೊಗಳುತ್ತಿದ್ದಾನೆ ಎಂದುಕೊಂಡಳು. ಹಾಗೆ ಮಾಡಿದರೆ ಮುಂದೆ ಅವನು ಏನು ಹೇಳಿದರೂ ತಾನು ನಂಬಲಾರೆ ಎನಿಸಿತು. ಟೈಪಿನ ಸದ್ದು ನಿಂತಿತು.

“ನೋಡ್ರಿ.”

ಸೈನಿಕ ತಿರುಗುವುದಿಲ್ಲ ಎಂದೇ ಇತ್ತು. ಬಣ್ಣದ ಮಾತೂ ಹಾಗೇ ಇತ್ತು. ಕೊನೆಯ ಪ್ಯಾರಾ ಮಾತ್ರ ಬದಲಾಗಿತ್ತು. ‘ಮುಕ್ತಾಯ ಇದೆ, ಆದರೆ ಇಂದಿನ ಕಂಪ್ಯೂಟರಿನಲ್ಲಿ ಕಾಣುವುದಿಲ್ಲ. ಎಲ್ಲ ಯಂತ್ರಗಳೂ ತಮ್ಮದರಷ್ಟೇ ನಿಧಾನವೆಂದು ನಂಬಿದ್ದು ಮಾಡಿದವರ ತಪ್ಪು. ಅದನ್ನು ಪರೀಕ್ಷಿಸದೆ ಮುಕ್ತಾಯವೇ ಇಲ್ಲವೆಂದು ಬರೆಯಹೊರಟಿದ್ದು ನನ್ನ ತಪ್ಪು.’ ಅವಳ ಹೆಸರು ಎಲ್ಲೂ ಇರಲಿಲ್ಲ.

ಚೈತ್ರ ಎರಡು ಸಲ ಓದಿ, ಒಂದಕ್ಷರವನ್ನೂ ಮುಟ್ಟದೆ ಪುಟ ಮುಗಿಸಿದಳು.

ಸಂಜೆ ಇಬ್ಬರೂ ಬಸ್ ನಿಲ್ದಾಣದ ಕಡೆ ನಡೆದರು. ಫುಟ್‌ಪಾತಿನ ಹೂವಿನವರನ್ನು ಬಳಸಿಕೊಂಡು ಹೋಗುವಾಗ ಅವನು ಒಂದು ಹೆಜ್ಜೆ ಹಿಂದೆ ಉಳಿದ.

“ಸಿಟ್ಟಾಗೀರೇನ್ರಿ?”

“ಇಲ್ಲ. ನೀವು ಹೊಗಳಿಬಿಡ್ತೀರೇನೋ ಅಂತ ಭಯ ಆಗಿತ್ತು.”

“ಹೊಗಳಬೇಕಂತ ಕೈ ಹೋಗಿತ್ರಿ,” ಅವನು ನೆಲ ನೋಡುತ್ತ ಹೇಳಿದ. “ನಿಮ್ಮ ಮುಂದ ಸುಳ್ಳು ಬರ್ಯಾಕ ಆಗ್ಲಿಲ್ಲ. ಯಾಕಂದ್ರ ಇನ್ನೊಂದು ಮಾತು ಹೇಳೂದೈತಿ. ಅದನ್ನಾದ್ರೂ ನೀವು ಖರೇ ಅಂತ ನಂಬಬೇಕಲ್ಲ.”

ಅವಳು ತಿರುಗಿ ನಿಂತಳು. “ಏನದು?”

“ಲೇಖನ ಮೇಲ್‌ನಾಗೂ ಕಳಸಬಹುದ್ರಿ. ನಿಮ್ಮನ್ನ ನೋಡಾಕ ಬರ್ತೀನಿ.” ಅವನ ಹಣೆ ಬೆವರಿತ್ತು. “ಇಷ್ಟ ಇಲ್ಲಂದ್ರ ಇಲ್ಲೇ ಹೇಳಿಬಿಡ್ರಿ. ಮುಂದಿನ ತಿಂಗಳಿಂದ ಮೇಲ್ ಮಾಡ್ತೀನಿ.”

ಅವಳ ಬಸ್ಸು ಬಂದು ನಿಂತಿತು. ಕಂಡಕ್ಟರ್ ಸ್ಟಾಪುಗಳ ಹೆಸರು ಕೂಗಿದ. ಅವಳು ಹತ್ತಲಿಲ್ಲ. ಅಪ್ಪ ಚಿಕ್ಕಬೈರಪ್ಪ ಯಾವ ಊರು, ಯಾರ ಪೈಕಿ ಎಂದು ಶುರು ಮಾಡುತ್ತಾರೆ. ಬಾಡಿಗೆ ರೂಮಿನ ಹುಡುಗ ಎಂದು ಮುಖ ಗಂಟಿಕ್ಕುತ್ತಾರೆ. ಅದೆಲ್ಲ ಒಂದೇ ಉಸಿರಿಗೆ ತಲೆಯಲ್ಲಿ ಓಡಿತು. ಬಸ್ಸು ಹೊರಟುಹೋಯಿತು.

“ನಮ್ಮಪ್ಪ ತುಂಬಾ ಜೋರು,” ಎಂದಳು.

“ಹೆದರಿಕಿ ಆಗ್ತೈತ್ರಿ.”

“ನಂಗೂ.” ಅವಳು ಮೊದಲ ಸಲ ಅವನ ಕಣ್ಣುಗಳನ್ನೇ ದಿಟ್ಟಿಸಿ ನೋಡಿದಳು. ಅವನ ಅಂಗಿಯ ತೋಳನ್ನು ಎರಡೇ ಬೆರಳಿನಲ್ಲಿ ಹಿಡಿದುಕೊಂಡಳು. “ಆದ್ರೂ ಭಾನುವಾರ ಮನೆಗೆ ಬಾ, ಸಂಗಮೇಶ. ನಾನು ನಿನ್ನ ಪಕ್ಕದಲ್ಲೇ ಇರ್ತೀನಿ.”