ಹನ್ನೊಂದು ಜೀನ್‌ಗಳ ವರದಿ

ಚಾಕುವಿನ ಮೊನೆ ನನ್ನ ಗಂಟಲಿಗೆ ತಾಗಿತ್ತು!

ಬೆನ್ನ ಹಿಂದೆ ಸಮುದ್ರ. ಇಟಲಿಯ ಟ್ರಿಯೆಸ್ತೆಯಲ್ಲಿ ಬೋರಾ ಎಂಬ ಬಿರುಗಾಳಿ ಎದ್ದ ದಿನ ಬಂದರಿನ ನೀರಿಗೆ ಬಿದ್ದವನು ಮೇಲೆ ಬರುವುದಿಲ್ಲ.

"ಅಲುಗಾಡಿದ್ರೆ ಚುಚ್ಚಿಬಿಡ್ತೀನಿ!" ಎಂದಳು ನೆವಿಯಾ.

ಆಸ್ಪತ್ರೆಯ ಲ್ಯಾಬಿನವಳು. "ಒಂದು ವರದಿ ಕದ್ದು ಓಡಿದಾಳೆ. ಹಿಡಿ. ಓದಬೇಡ, ತಂದುಕೊಡು," ಎಂದಿದ್ದ ಡಾಕ್ಟರ್ ಫುರಿಯೊ. ನಾನು ಖಾಸಗಿ ಪತ್ತೇದಾರ. ಅವನು ಮೂವತ್ತು ವರ್ಷಗಳಿಂದ ನನ್ನ ಗೆಳೆಯ. ಆರು ವಾರದ ಹಿಂದೆ ನನ್ನ ಮಗಳಿಗೆ ನನ್ನದೇ ಕಿಡ್ನಿ ಜೋಡಿಸಿದವನು. ಅವನ ಮಾತು ಮೀರುವುದುಂಟೇ?

ಮೀನು ಮಾರುಕಟ್ಟೆಯಿಂದ ಅವಳನ್ನು ಅಟ್ಟಿಸಿಕೊಂಡು ಬಂದಿದ್ದೆ. ಪಕ್ಕೆಯ ಹೊಲಿಗೆ ಉರಿಯುತ್ತಿತ್ತು...

"ಪಕ್ಕೆ ಯಾಕೆ ಹಿಡ್ಕೊಂಡಿದ್ದೀರಿ?"

"ಮಗಳಿಗೆ ಕಿಡ್ನಿ ಕೊಟ್ಟಿದ್ದೀನಿ."

"ಹೆಸರು?"

"ಜೋಯಾ."

ಚಾಕು ಕೆಳಗಿಳಿಯಿತು. "ಅಯ್ಯೋ ದೇವರೇ... ಓದಿ ಇದನ್ನ!"

ಜೋಯಾಳ ರಕ್ತದ ವರದಿ. ತಾರೀಕು ಆಪರೇಷನ್‌ಗೆ ಮೂರು ವಾರ ಮೊದಲಿನದು.

"ಬಿಡಿಸಿ ಹೇಳಮ್ಮ."

"ಈ ಹನ್ನೊಂದು ಜೀನ್‌ಗಳು ಹೀಗೆ ಜೋರಾಗಿ ಕೆಲಸ ಮಾಡ್ತಿದ್ರೆ, ಹಳೇ ಕಾಯಿಲೆ ಹೊಸ ಕಿಡ್ನಿಗೂ ಬರುತ್ತೆ. ಮೊದಲೇ ರಕ್ತ ಶುದ್ಧಿ ಮಾಡಿದ್ರೆ ತಡೀಬಹುದಿತ್ತೇನೋ. ಡಾಕ್ಟರ್ ಮುಚ್ಚಿಟ್ರು."

ನಾಲ್ಕು ದಿನದಿಂದ ಜೋಯಾಳ ಮುಖ ಊದಿತ್ತು. "ಏನಿಲ್ಲ ಕಣೋ" ಎಂದಿದ್ದ ಫುರಿಯೊ...

ಎಂಜಿನ್ ಮೊರೆಯಿತು!

ಬೂದು ಕಾರು. ನೇರ ನಮ್ಮ ಮೇಲೆ! ನೆವಿಯಾಳನ್ನು ತಳ್ಳಿ ಪಕ್ಕಕ್ಕೆ ಉರುಳಿದೆ. ಕಾರು ಹಡಗು ಕಟ್ಟುವ ಕಬ್ಬಿಣದ ಗೂಟಕ್ಕೆ ಗುದ್ದಿ ನಿಂತಿತು.

ಇಳಿದವನು ಫುರಿಯೊ. ನನ್ನನ್ನೇ ಹಿಂಬಾಲಿಸಿದ್ದ.

"ಕಾಗದ ಕೊಡೋ, ಸ್ಟೇಲಿಯೊ."

"ನಿನಗೆ ಗೊತ್ತಿತ್ತಾ?"

"ಈ ಹನ್ನೊಂದು ಜೀನ್‌ಗಳ ಪರೀಕ್ಷೆ ನನ್ನದು, ಕಾಯಿಲೆ ತಡೆದಿದ್ರೆ ಅದು ಸರಿ ಅಂತ ತೋರಿಸೋಕಾಗ್ತಿರಲಿಲ್ಲ. ಸಾಬೀತಾಗಬೇಕಿತ್ತು. ಅದಕ್ಕೆ ಇನ್ನೊಂದೇ ಒಂದು ಮಗು ಸಾಕಿತ್ತು... ಈ ಪರೀಕ್ಷೆ ಗೆದ್ರೆ ಸಾವಿರ ಮಕ್ಕಳು ಉಳೀತಾರೆ ಕಣೋ!"

"ನನ್ನ ಮಗಳೇ ಆಗಬೇಕಿತ್ತಾ?"

"ಬೇರೆಯವರು ಪ್ರಶ್ನೆ ಕೇಳ್ತಿದ್ರು. ನೀನು ನನ್ನನ್ನ ನಂಬ್ತಿದ್ದೆ."

ಒಂದೇ ಏಟು. ಮುರಿದದ್ದು ಅವನ ಹಲ್ಲೋ, ನನ್ನ ಬೆರಳೋ? ಆಮೇಲೆ ನೋಡಿದರೆ ಎರಡೂ!

ಅಂದು ಮಧ್ಯಾಹ್ನವೇ ಬೇರೆ ಡಾಕ್ಟರು ಜೋಯಾಳ ರಕ್ತ ಶುದ್ಧಿ ಶುರುಮಾಡಿದರು. ಕಿಡ್ನಿ ಅರ್ಧದಷ್ಟು ಉಳಿಯಿತು. ಹಾಳಾದ ಅರ್ಧದ ಬಗ್ಗೆ ಅವಳು ಇಂದಿಗೂ ಕೇಳುತ್ತಾಳೆ.

ಕೋರ್ಟಿನಲ್ಲಿ ಫುರಿಯೊನ ವಕೀಲ ಜಾಣ. ಕಾರು ಗಾಳಿಗೆ ಜಾರಿತೆಂದು ನಂಬಿಸಿಬಿಟ್ಟ. "ಆ ಪರೀಕ್ಷೆಯನ್ನು ನಂಬುವಂತಿಲ್ಲ ಸ್ವಾಮೀ. ನಂಬಲಾಗದ್ದನ್ನು ಹೇಳದಿದ್ದರೆ ತಪ್ಪೇನು?" ಎಂದ.

ಬಿಡುಗಡೆ ಖಾತ್ರಿಯಾಗಿತ್ತು. ಆದರೆ ಫುರಿಯೊಗೆ ತಡೆಯಲಾಗಲಿಲ್ಲ. ಎದ್ದು ನಿಂತು ಕಿರುಚಿದ:

"ನನ್ನ ಪರೀಕ್ಷೆ ನೂರಕ್ಕೆ ನೂರು ಸರಿ!"

ಒಂಬತ್ತು ವರ್ಷ ಒಳಗೆ ಹಾಕಲು ಜಡ್ಜ್‌ಗೆ ಅಷ್ಟೇ ಸಾಕಾಯಿತು.