ಹುಟ್ಟಿದ ಹೊತ್ತು ಖಾಲಿ

"ನಿಮ್ಮ ಪ್ರೋಗ್ರಾಂ ಬಿದ್ದೋಯ್ತು!"

ಕೆಲಸಕ್ಕೆ ಸೇರಿದ ಮೊದಲ ದಿನವೇ ಯಶಶ್ರೀ ಹೀಗೆಂದಾಗ ಸ್ವರೂಪ್ ಕಾಫಿ ಲೋಟ ಕೆಳಗಿಟ್ಟ.

2002ನೇ ಇಸವಿ. ಗಾಂಧಿಬಜಾರಿನ ಹೂವಿನಂಗಡಿಗಳ ಮೇಲಿನ ಮಹಡಿಯಲ್ಲೊಂದು ಪುಟ್ಟ ಕಂಪನಿ. ಜಾತಕ ಹೊಂದಿಸುವ ಸಾಫ್ಟ್‌ವೇರ್ ಬರೆಯುವವನು ಅವನು. ಅದರಲ್ಲಿ ತಪ್ಪು ಹುಡುಕುವವಳು ಅವಳು.

"ಯಾವ ಜಾತಕ ಹಾಕಿ ಟೆಸ್ಟ್ ಮಾಡ್ದಾಗ? ಪಟ್ಟಿ ತೋರಿಸಿ."

"ಪಟ್ಟಿನೇ ಇಲ್ಲ ಕಣ್ರೀ! ನನ್ನ ಕೋಡು ಓಡ್ತಾ ಓಡ್ತಾನೇ ಜಾತಕ ಹುಟ್ಟಿಸುತ್ತೆ. ಒಂದಕ್ಕೆ ಏನು ಉತ್ತರ ಬಂತು ಅಂತ ನೋಡಿ ಮುಂದಿನದು. ಉತ್ತರ ಎಲ್ಲಿ ಬದಲಾಗುತ್ತೋ ಅಲ್ಲೇ ಕೆದಕುತ್ತೆ."

"ಒಳ್ಳೇ ಬೀಗರ ಥರ ಕೆದಕುತ್ತಲ್ರೀ! ಮೊದಲನೇ ಜಾತಕ ಯಾರದ್ದು?"

"ನಂದೇ. ಬೇರೆ ಯಾರದ್ದೂ ನೆನಪಿರಲಿಲ್ಲ."

ಪ್ರೋಗ್ರಾಂ ಬಿದ್ದದ್ದು ಹುಟ್ಟಿದ ಹೊತ್ತು ಖಾಲಿ ಇದ್ದಾಗ. ಅವನು ತಿದ್ದಿದ. ಹೊತ್ತು ಖಾಲಿಯಿದ್ದರೆ 'ಹೊಂದಾಣಿಕೆ ಇಲ್ಲ' ಎಂದು ಬರುವಂತೆ ಮಾಡಿದ.

"ಪಾಪ, ಹಾಗೆ ತಳ್ಳಿಬಿಡೋದಾ?"

"ಎಲ್ಲರೂ ಹಾಗೇ ಮಾಡೋದು..." ಅವನು ಮುಖ ತಿರುಗಿಸಿಕೊಂಡ.

'ಇವನಿಗ್ಯಾಕೆ ಬೇಜಾರು?' ಅಂದಿನಿಂದ ಅವಳ ಕುತೂಹಲವೆಲ್ಲ ಅವನ ಸುತ್ತಲೇ. ಬ್ಯೂಗಲ್ ರಾಕ್ ಪಾರ್ಕಿನಲ್ಲಿ ಕೂತು ಒಂದೇ ಪೊಟ್ಟಣದ ಕಡಲೆಕಾಯಿ ತಿನ್ನುವಷ್ಟು ಸಲುಗೆ ಬೆಳೆಯಿತು. ಜಾತಕ ನೋಡದೆ ಅಪ್ಪ ಯಾರನ್ನೂ ಒಪ್ಪುವುದಿಲ್ಲ ಎಂದು ಅವಳು ಹೇಳಿಕೊಂಡಳು; ತನ್ನ ಬೇಜಾರಿನ ಕಾರಣವನ್ನು ಅವನು ಮಾತ್ರ ಹೇಳಲಿಲ್ಲ.

ಒಂದು ಸಂಜೆ ಅವನ ಪರದೆ ನೋಡಿ ಅವಳು ನಿಂತುಬಿಟ್ಟಳು. ಹುಡುಗಿಯ ಕಡೆ ಅವಳದೇ ಜಾತಕ! ಎದುರಿಗೆ ಒಬ್ಬನ ಹಿಂದೊಬ್ಬ ಹುಡುಗ ಹುಟ್ಟುತ್ತಿದ್ದಾನೆ...

'ಇನ್ಯಾರಿಗೋ ಜೋಡಿ ಮಾಡೋಕೆ ಹೊರಟಿದ್ದಾನಾ? ನಾನೇ ಏನೇನೋ ಅಂದ್ಕೊಂಡೆನಾ?'

"ನನಗೆ ಗಂಡು ಹುಡುಕಿ ಅಂತ ನಿಮಗೆ ಹೇಳಿದ್ಯಾರು? ನನ್ನ ಜಾತಕ ಆಟದ ಸಾಮಾನಾ?" ಅವಳ ಕಣ್ಣು ತುಂಬಿತು.

"ಯಶಶ್ರೀ, ಸರಿಯಾಗಿ ನೋಡಿ. ಒಂದೇ ಊರು, ಒಂದೇ ದಿನ. ಹೊತ್ತು ಮಾತ್ರ ಬೇರೆ... ಅಷ್ಟೂ ಹುಡುಗರು ನಾನೇ."

ಅವಳು ಕಣ್ಣೊರೆಸಿಕೊಂಡು ಬಗ್ಗಿ ನೋಡಿದಳು.

"ದನ ಕೊಟ್ಟಿಗೆಗೆ ಬರೋ ಹೊತ್ತಲ್ಲಿ ಹುಟ್ದೆ ಅಂತಾರೆ ನಮ್ಮಮ್ಮ. ಮನೇಲಿ ಗಡಿಯಾರ ಇರಲಿಲ್ಲ. ಆ ಸಂಜೆನೇ ನಕ್ಷತ್ರ ಬದಲಾಗಿದೆ. ಮುಂಚೆ ಹುಟ್ಟಿದ್ರೆ ನಿಮ್ಮ ಜೊತೆ ಹೊಂದುತ್ತೆ, ಆಮೇಲಾದ್ರೆ ಇಲ್ಲ. ಜಾತಕ ನೋಡ್ದೆ ನಿಮ್ಮಪ್ಪ ಒಪ್ಪಲ್ಲ ಅಂದಿದ್ರಲ್ಲ..."

ಅವಳದೇ ಕೋಡು, ಅವಳು ಕಲಿಸಿದಂತೆಯೇ, ಉತ್ತರ ಬದಲಾಗುವ ಆ ಗಳಿಗೆಯನ್ನೇ ಕೆದಕುತ್ತಿತ್ತು. ಹೌದು... ಇಲ್ಲ... ಹೌದು... ಇಲ್ಲ...

ಯಶಶ್ರೀ ಕೈಚಾಚಿ ಅದನ್ನು ನಿಲ್ಲಿಸಿದಳು.

"ಹೊತ್ತು ಖಾಲಿ ಬಿಡಿ."

"ಖಾಲಿ ಬಿಟ್ರೆ ಹೊಂದಾಣಿಕೆ ಇಲ್ಲ ಅಂತ ಬರುತ್ತೆ."

"ಬರೆದಿದ್ದು ನೀವೇ ತಾನೆ? ಬದಲಾಯಿಸಿ. ಹೊತ್ತು ಗೊತ್ತಿಲ್ದಿದ್ರೆ 'ಹುಡುಗೀನ ಕೇಳಿ' ಅಂತ ಬರಲಿ."

"ಹುಡುಗಿ... ಏನಂತಾಳೆ?"

"ಅಯ್ಯೋ, ಕೇಳ್ದೇನೇ ಹೆಂಗೆ ಹೇಳ್ತಾಳೆ?"

ಅವನು ಕುರ್ಚಿ ಬಿಟ್ಟು ಎದ್ದ. "ನನ್ನ ಮದುವೆ ಆಗ್ತೀಯಾ?"

"ಹೂಂ..." ಅವಳು ತಲೆ ಎತ್ತಲಿಲ್ಲ. "ಅಪ್ಪನ ಹತ್ರ ನಾನು ಮಾತಾಡ್ತೀನಿ. ಬೈದ್ರೆ ಬೈಸ್ಕೋತೀನಿ. ನೀನು ಭಾನುವಾರ ಮನೆಗೆ ಬಾ."

"ಎಷ್ಟೊತ್ತಿಗೆ?"

"ದನ ಕೊಟ್ಟಿಗೆಗೆ ಬರೋ ಹೊತ್ತಿಗೆ."

"ನಿಮ್ಮ ಚಾಮರಾಜಪೇಟೇಲಿ ದನ ಎಷ್ಟೊತ್ತಿಗೆ ಬರುತ್ತೆ?"

"ನಂಗೇನು ಗೊತ್ತು! ಬೆಳಗ್ಗೆಯಿಂದ ಬಾಗಿಲಲ್ಲೇ ಇರ್ತೀನಿ, ಬಾ."