ಕ್ಲಾರಿ ತಂದ ಸಂಬಂಧ

"ಅದು ನನ್ನ ಮೆಷಿನ್ನು. ಏಳಿ."

ಆಸ್ಟ್ರೇಲಿಯದ ಬ್ರಾಡ್‌ಮೆಡೋಸ್‌ನ ಕಾರು ಕಾರ್ಖಾನೆಯಲ್ಲಿ ಪರಾಸ್ಖೋಸನಿಗೆ ಸ್ತಮಾತಿಯಾ ಆಡಿದ ಮೊದಲ ಮಾತು ಇದು. ಗ್ರೀಸಿನಿಂದ ಬಂದು ಆಗಷ್ಟೇ ಹಡಗಿಳಿದಿದ್ದ ಆ ದರ್ಜಿ ತೆಪ್ಪಗೆ ಎದ್ದ. ಮನಸ್ಸು ಮಾತ್ರ ಅಲ್ಲೇ ಕೂತುಬಿಟ್ಟಿತು.

ಅವಳೂ ಗ್ರೀಸಿನವಳೇ. ಸೀಟಿನ ಹೊದಿಕೆ ಹೊಲಿಯುವುದರಲ್ಲಿ ಅವಳನ್ನು ಸರಿಗಟ್ಟುವವರಿರಲಿಲ್ಲ. ಕಾರ್ಖಾನೆ ಬೆಳೆಯುತ್ತಿತ್ತು, ಹೊಸ ಷೆಡ್ಡು ಎದ್ದಿತ್ತು, ಎರಡನೇ ಪಾಳಿಗೆ ನಲವತ್ತು ಹೆಂಗಸರು ಕೆಲಸಕ್ಕೆ ಸೇರುವವರಿದ್ದರು. ಅವರಿಗೆ ಮೇಸ್ತ್ರಿ ಯಾರು? ಸ್ತಮಾತಿಯಾಳ ನಿದ್ದೆ ಕೆಡಿಸಿದ್ದ ಪ್ರಶ್ನೆ ಅದು. ಅಲ್ಲಿಯವರೆಗೆ ಮೇಸ್ತ್ರಿಗಳೆಲ್ಲ ಗಂಡಸರೇ.

ಪರಾಸ್ಖೋಸನ ನಿದ್ದೆ ಕೆಡಿಸಿದ್ದು ಬೇರೆ. ಅವನ ಊರಲ್ಲಿ ಗಂಡು ತಾನೇ ಹೋಗಿ ಹೆಣ್ಣು ಕೇಳುವಂತಿಲ್ಲ, ಹಿರಿಯರೊಬ್ಬರು ಹೋಗಬೇಕು. ಇಲ್ಲಿ ಅವನಿಗಿದ್ದ ಏಕೈಕ ಹಿರಿಯನೆಂದರೆ ಆಸ್ಟ್ರೇಲಿಯದ ಸೂಪರ್‌ವೈಸರ್ ಕ್ಲಾರಿ. ಅವನನ್ನೇ ಹಿಡಿದು ಕಳಿಸಿದ.

ಕ್ಲಾರಿ ಕುದುರೆ ಪಂದ್ಯದ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲ. ಮದುವೆಯ ವಿಷಯಕ್ಕೆ ಬಾಯೇ ಬಾರದು. ಚಹಾ ವಿರಾಮದಲ್ಲಿ ಅವಳ ಮುಂದೆ ನಿಂತು, ಕಿವಿ ಕೆಂಪಗೆ ಮಾಡಿಕೊಂಡು, "ನಿನ್ನ ವಿಚಾರ ಮಾತಾಡು ಅಂತ ಪರಾಸ್ಖೋಸ್ ಕಳಿಸಿದಾನೆ. ಒಳ್ಳೇ ಹುಡುಗ. ಏನಂತೀಯಮ್ಮ?" ಅಂದ.

ಶಿಫಾರಸು... ಮೇಸ್ತ್ರಿ ಕೆಲಸಕ್ಕೆ, ನಿನ್ನೆ ಮೊನ್ನೆ ಬಂದವನಿಂದ ನನಗೆ ಶಿಫಾರಸು?

"ಬೇಡ ಅಂತ ಹೇಳಿ," ಅಂದಳು.

ಅಂದಿನಿಂದ ಪರಾಸ್ಖೋಸ್ ಅವಳತ್ತ ತಲೆಯೆತ್ತಲಿಲ್ಲ. ಕೆಲವೇ ದಿನಗಳಲ್ಲಿ ಮ್ಯಾನೇಜರು ಅವಳನ್ನು ಕರೆದು, ಹೊಸ ಪಾಳಿಗೆ ನೀನೇ ಮೇಸ್ತ್ರಿ ಎಂದರು. ಯಾರಾದರೂ ಹೇಳಿದ್ದರಾ ಎಂದು ಅವಳು ಬಿಗುಮಾನದಿಂದ ಕೇಳಿದಳು. ಯಾರೂ ಇಲ್ಲ, ನಿನ್ನ ಹೊಲಿಗೆಯೇ ಸಾಕಿತ್ತು ಎಂದರು ಅವರು.

ಎದೆಯುಬ್ಬಿತು. ಹಿಂದೆಯೇ ಅನುಮಾನವೂ... ಹಾಗಾದರೆ ಆ ಮನುಷ್ಯ ಕೇಳಿ ಕಳಿಸಿದ್ದೇನು?

ಹೊಸ ಪಾಳಿಯ ಮೊದಲ ದಿನ, ಕೆಲಸ ಮುಗಿಸಿ ಹೊರಟವನನ್ನು ಬಾಗಿಲಲ್ಲೇ ತಡೆದಳು. "ಕ್ಲಾರಿನ ಯಾತಕ್ಕೆ ಕಳಿಸಿದ್ರಿ?"

"ಹೆಣ್ಣು ಕೇಳೋಕೆ," ಅಂದ ಅವನು, ತನ್ನ ಬೂಟುಗಳನ್ನೇ ನೋಡುತ್ತ. "ಬೇಡ ಅಂದ್ರಲ್ಲ."

ಅವಳಿಗೆ ನಗು ಬಂತು, ಕಣ್ಣೂ ತುಂಬಿತು.

"ಅದೊಂದು ಬಿಟ್ಟು ಎಲ್ಲಾ ಹೇಳಿದ, ಮಾರಾಯ. ನಾನು ಬೇಡ ಅಂದಿದ್ದು ಶಿಫಾರಸನ್ನ. ನಿನ್ನನ್ನಲ್ಲ."

"ಈಗ ನೀವು ಮೇಸ್ತ್ರಿ. ನಾನು ಬರೀ ದರ್ಜಿ."

"ಹೆಂಡ್ತಿ ಮೇಸ್ತ್ರಿ ಅಂತ ಹೇಳ್ಕೊಳ್ಳೋಕೆ ನಾಚಿಕೆನಾ?"

"ನಮ್ಮೋರ ಕಾಫಿ ಅಂಗಡೀಲಿ ಎಲ್ಲರಿಗೂ ಕೇಳೋ ಹಾಗೆ ಹೇಳ್ತೀನಿ."

ಸೈರನ್ ಕೂಗಿತು. ಹೊಸ ಏಪ್ರನ್ ಕಟ್ಟಿದ ಹೆಂಗಸರು ತಮ್ಮ ಮೇಸ್ತ್ರಿಗಾಗಿ ಕತ್ತು ಚಾಚುತ್ತಿದ್ದರು. ಸ್ತಮಾತಿಯಾ ಬೆನ್ನು ನೆಟ್ಟಗೆ ಮಾಡಿಕೊಂಡಳು.

"ಹೋಗು," ಅಂದ ಅವನು, ಮೊದಲ ಬಾರಿಗೆ ಏಕವಚನದಲ್ಲಿ. "ಕಾಯ್ತಿದ್ದಾರೆ."

"ನೀನೂ ಕಾಯಿ. ಪಾಳಿ ಮುಗಿಸಿ ಬರ್ತೀನಿ."